ಡೆಕ್ ಮೇಲಿನ ಫೈಬರ್ ಐದು ದಿನವಾದರೂ ಅಂಟಂಟಾಗಿದೆ, ಅಂಚು ಮೇಲೇಳುತ್ತಿದೆ: ತಿಳಿದವರು ದಯವಿಟ್ಟು ಹೇಳಿ

ಹಿನ್ನೀರಿನವ (ಹೊನ್ನಾವರ)
ಮೂರು ವಾರದ ದುಡಿಮೆ ಕಣ್ಣೆದುರೇ ಹಾಳಾಗುತ್ತಿದೆ. ನನ್ನದು 18 ಅಡಿಯ ಹಳೆಯ ಫೈಬರ್ ಮೋಟಾರು ದೋಣಿ, 25 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್. ಕೊಂಡ ದಿನದಿಂದಲೂ ನಡುವಿನ ಡೆಕ್ ಕಾಲಿಟ್ಟಲ್ಲಿ ತಗ್ಗುತ್ತಿತ್ತು. ಕಳೆದ ತಿಂಗಳು ಎಡಗಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ಕತ್ತರಿಸಿ ತೆಗೆದರೆ ಪ್ಲೈವುಡ್ ಪದರ ಪದರವಾಗಿ ಕೈಗೆ ಬಂತು. ಕೆಳಗಿನ ಫೋಮ್ ಹಿಂಡಿದರೆ ನೀರು. ಎಲ್ಲವನ್ನೂ ಕಿತ್ತು, ಡೆಕ್ಕನ್ನು ಕೆಳಗಿನಿಂದ ಹೊರುವ ಉದ್ದ ತೊಲೆಗಳಲ್ಲಿ (ಸ್ಟ್ರಿಂಗರ್) ಕೊಳೆತ ಎರಡನ್ನು ಬದಲಿಸಿ, ಹೊಸ 12 ಮಿ.ಮೀ. ಪ್ಲೈ ಕೂರಿಸಿ, ಮೇಲೆ ಎರಡು ಪದರ ಗಾಜಿನ ನಾರಿನ ಮ್ಯಾಟನ್ನು ಪಾಲಿಯೆಸ್ಟರ್ ರೆಸಿನ್ನಿನಲ್ಲಿ ನೆನೆಸಿ ಹಾಕಿದೆ.

ಇವತ್ತಿಗೆ ಐದು ದಿನ. ಕೈ ಇಟ್ಟರೆ ಈಗಲೂ ಅಂಟುತ್ತದೆ. ಎಡಬದಿಯಲ್ಲಿ ಡೆಕ್ ದೋಣಿಯ ಒಡಲಿಗೆ ಸೇರುವ ಮೂಲೆಯುದ್ದಕ್ಕೂ ಮ್ಯಾಟ್ ಬಿಳಿಚಿಕೊಂಡು ಮೇಲೇಳುತ್ತಿದೆ. ಮಾಡಬೇಕಾದುದನ್ನೆಲ್ಲ ಸರಿಯಾಗಿಯೇ ಮಾಡಿದ್ದೇನೆ. ಮೇಲೆ ಇನ್ನೊಂದು ಪದರ ಎಳೆದರೆ ಸರಿಹೋಗುತ್ತದೆಯೇ? ಮಳೆ ಹಿಡಿಯುವ ಮೊದಲು ಮುಗಿಯಬೇಕು.

ಗಂಗೊಳ್ಳಿ ಫೈಬರ್
ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಕಡಿಮೆಯಾಗಿದೆ, ಬೇರೇನೂ ಅಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಂಟುತ್ತಿದೆ ಎಂದು ಬರುವ ಹತ್ತರಲ್ಲಿ ಒಂಬತ್ತು ದೋಣಿಗಳ ಕಥೆ ಇದೇ. ಕಿಲೋ ರೆಸಿನ್‌ಗೆ ಎಷ್ಟು ಹಾಕಿದಿರಿ? ಬೇಗ ಗಟ್ಟಿಯಾಗಿಸುವ ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ನೇ ಅಥವಾ ಬೇರೆಯಾಗಿ ಹಾಕಿದಿರಾ?

ಕೋಡಿ ಕಡಲು
ನನಗೆ ಪ್ಲೈ ಮೇಲೆಯೇ ಸಂಶಯ. ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಗಾಳಿಯಲ್ಲಿ ಅಂಗಡಿಯ ಗೋಡೆಗೆ ಒರಗಿಸಿಟ್ಟ ಹಲಗೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ತೇವದ ಮರಕ್ಕೆ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಫೈಬರ್ ಹಾಕದೆ ಉಳಿದ ತುಂಡು ಇದ್ದರೆ ಅದರ ಮೇಲೆ ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಮಂಜು ಕಟ್ಟಿದ್ದರೆ ಉತ್ತರ ಸಿಕ್ಕಂತೆ. ಪ್ಲೈ ಯಾವ ದರ್ಜೆಯದು?

ಹಿನ್ನೀರಿನವ
ಕೋಬಾಲ್ಟ್ ಬೆರೆಸಿದ್ದೇ. ಕಿಲೋಗೆ 15 ಮಿ.ಲೀ. ಹಾರ್ಡನರ್, ಸಿರಿಂಜಿನಲ್ಲಿ ಅಳೆದು ಹಾಕಿದ್ದೇನೆ. ಪ್ಲೈ ಐಎಸ್ 710 (ಮರೈನ್ ಪ್ಲೈ) ಮುದ್ರೆಯದು. ಮಗ್ಗಿನಲ್ಲಿ ಉಳಿದ ರೆಸಿನ್ ಅರ್ಧ ಗಂಟೆಯೊಳಗೆ ಮುಟ್ಟಲಾಗದಷ್ಟು ಬಿಸಿಯಾಗಿ ಕಲ್ಲಾಯಿತು. ಹಾಗಿದ್ದಮೇಲೆ ಹಾರ್ಡನರ್ ಕಡಿಮೆ ಹೇಗಾಗುತ್ತದೆ?

ಗಂಗೊಳ್ಳಿ ಫೈಬರ್
ಮಗ್ಗಿನ ಲೆಕ್ಕ ಬೇರೆ, ಡೆಕ್ಕಿನ ಲೆಕ್ಕ ಬೇರೆ. ಮಗ್ಗಿನಲ್ಲಿ ರೆಸಿನ್ ಒಟ್ಟಿಗೆ ಇರುವುದರಿಂದ ತನ್ನ ಬಿಸಿಗೆ ತಾನೇ ಬೇಯುತ್ತದೆ. ತೆಳ್ಳಗೆ ಹರಡಿದಾಗ ಆ ಬಿಸಿ ಗಾಳಿಗೆ ಹೋಗುತ್ತದೆ. ನಾನು 20 ಮಿ.ಲೀ. ಹಾಕುತ್ತೇನೆ. ಹಾರ್ಡನರ್ ಬಾಟಲಿ ಯಾವಾಗಿನದು? ಬಿಸಿಲಿನಲ್ಲಿಟ್ಟಿದ್ದರೆ ಅದರ ಶಕ್ತಿ ಹೋಗಿರುತ್ತದೆ. ಈಗ ಒಂದು ಕೈ ರೆಸಿನ್‌ಗೆ ಹಾರ್ಡನರ್ ಮತ್ತು ಕೋಬಾಲ್ಟ್ ಎರಡನ್ನೂ ಜಾಸ್ತಿ ಮಾಡಿ ಮೇಲೆ ಬಳಿಯಿರಿ, ಕೆಳಗಿನದನ್ನೂ ಎಳೆದುಕೊಂಡು ಗಟ್ಟಿಯಾಗುತ್ತದೆ.

ಕಾಳಿ ದಂಡೆ (ಕಾರವಾರ)
ಇದನ್ನು ಓದುವ ಹೊಸಬರಿಗಾಗಿ ಬರೆಯುತ್ತಿದ್ದೇನೆ. ಹಾರ್ಡನರ್ ಮತ್ತು ಕೋಬಾಲ್ಟ್ ಎರಡನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ತಾಗಿಸಬೇಡಿ. ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎರಡಕ್ಕೂ ಬೇರೆ ಬೇರೆ ಅಳತೆಪಾತ್ರೆ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಗಂಗೊಳ್ಳಿ ಫೈಬರ್
ಬೇರೆ ಬೇರೆಯಾಗಿ ಕಲಸಬೇಕು ಎನ್ನುವುದು ನಮ್ಮ ಶೆಡ್ಡಿನ ಹುಡುಗರಿಗೂ ಗೊತ್ತು. ಒಟ್ಟಿಗೆ ಸುರಿಯಿರಿ ಎಂದು ನಾನು ಹೇಳಲಿಲ್ಲ.

ಕಾಳಿ ದಂಡೆ
ನೀವು ಹಾಗೆ ಹೇಳಲಿಲ್ಲ, ಒಪ್ಪುತ್ತೇನೆ. ಆದರೆ ಓದಿದವರು ಹಾಗೆ ಮಾಡಬಹುದಿತ್ತು.

ಹೆಬ್ಬಲಸು
ಪ್ಲೈವುಡ್ ಹಾಕುವುದೇ ಈ ಎಲ್ಲ ಗೋಳಿಗೆ ಮೂಲ. ನಮ್ಮ ಹಿರಿಯರು ಹೆಬ್ಬಲಸಿನ ಹಲಗೆಯಲ್ಲಿ ಕಟ್ಟಿದ ದೋಣಿ ಎರಡು ತಲೆಮಾರು ಬಾಳಿದೆ. ಡೆಕ್ಕಿಗೂ ಮುಕ್ಕಾಲು ಇಂಚಿನ ಹಲಗೆ ಹಾಕಿ ನೋಡಿ.

ಕೋಡಿ ಕಡಲು
ಹೆಬ್ಬಲಸಿನ ಮೇಲೆ ನನಗೂ ಗೌರವವಿದೆ, ನಮ್ಮ ಮನೆಯ ದೋಣಿಯೂ ಅದರದ್ದೇ. ಆದರೆ ಫೈಬರಿನ ಕೆಳಗೆ ಹಲಗೆ ಹಾಕಬಾರದು. ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಮೇಲಿನ ಫೈಬರ್ ಸೀಳುತ್ತದೆ. ಪ್ಲೈನಲ್ಲಿ ಪದರಗಳು ಅಡ್ಡ ಉದ್ದ ಕೂತಿರುವುದರಿಂದ ಆ ಅಲುಗಾಟ ಬಹಳ ಕಡಿಮೆ. ಐಎಸ್ 710 ಮರೈನ್ ಪ್ಲೈ ಎಂದರೆ ಅಂಟು 72 ಗಂಟೆ ಕುದಿಯುವ ನೀರನ್ನು ತಡೆದಿರಬೇಕು. ಮುದ್ರೆಯ ಮೇಲೆ ನಂಬಿಕೆಯಿಲ್ಲದಿದ್ದರೆ ಒಂದು ತುಂಡನ್ನು ಕುದಿಸಿ ನೋಡಿ.

ಹೆಬ್ಬಲಸು
ಅಂಟು ಉಳಿಯಬಹುದು, ಮರ ಉಳಿಯುತ್ತದೆಯೇ? ಮೂಲ ಬರಹದಲ್ಲಿ ಕೊಳೆತದ್ದು ಪ್ಲೈವುಡ್ಡೇ ಅಲ್ಲವೇ?

ಹಿನ್ನೀರಿನವ
ದಯವಿಟ್ಟು ಮರದ ಚರ್ಚೆ ಇನ್ನೊಂದು ಕಡೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿದೆ. ಒಳಗೆ ಒಂದು ಹನಿಯೂ ಇಲ್ಲ. ಈಗ ಬಲಬದಿಯ ಅಂಚೂ ಏಳಲು ಶುರುವಾಗಿದೆ. ಜೂನ್ 1ಕ್ಕೆ ಯಾಂತ್ರೀಕೃತ ಮೀನುಗಾರಿಕೆ ನಿಂತಿತೆಂದರೆ ಬಂದರಿನ ದೋಣಿಗಳೆಲ್ಲ ದಡಕ್ಕೆ ಬರುತ್ತವೆ. ಆಮೇಲೆ ಎರಡು ತಿಂಗಳು ಫೈಬರ್ ಕೆಲಸದವರು ಯಾರೂ ಸಿಗುವುದಿಲ್ಲ.

ಮಸ್ಕತ್ ಕನ್ನಡಿಗ
ನಾನು ಇಲ್ಲಿ 23 ಅಡಿಯ ದೋಣಿಗೆ ಮರವೇ ಇಲ್ಲದಂತೆ ಡೆಕ್ ಹಾಕಿಸಿದ್ದೇನೆ. ಪಿವಿಸಿ ಫೋಮ್ ಹಲಗೆ, ಎರಡೂ ಕಡೆ ಗಾಜಿನ ನಾರಿನ ಹೆಣೆದ ಬಟ್ಟೆ, ಮೇಲೆ ಜಾರದಂತೆ ಮರಳು ಬೆರೆಸಿದ ಬಣ್ಣ. ಹಿಂಬದಿಗೆ 75 ಅಶ್ವಶಕ್ತಿಯ ಎರಡು ಎಂಜಿನ್. ನಾಲ್ಕು ವರ್ಷವಾಯಿತು, ಸುತ್ತಿಗೆಯಲ್ಲಿ ತಟ್ಟಿದರೆ ಇವತ್ತೂ ಗಟ್ಟಿ ಸದ್ದು. ಖರ್ಚು ಹೆಚ್ಚು ನಿಜ. ಆದರೆ ಕೊಳೆಯುವ ವಸ್ತುವೇ ದೋಣಿಯೊಳಗೆ ಇಲ್ಲ ಎನ್ನುವ ನೆಮ್ಮದಿ ದೊಡ್ಡದು. ಬೇಕಿದ್ದರೆ ಚಿತ್ರ ಹಾಕುತ್ತೇನೆ.

ಗಂಗೊಳ್ಳಿ ಫೈಬರ್
ಬಾಟಲಿಯ ತಾರೀಖು ಇನ್ನೂ ಹೇಳಿಲ್ಲ.

ಕಾಳಿ ದಂಡೆ
ಹಿನ್ನೀರಿನವರೇ, ಎರಡು ಕೆಲಸ ಮಾಡಿ. ಡೆಕ್ಕಿನ ನಡುವೆ ಅಂಗೈಯಗಲ ಜಾಗವನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ, ಉಗುರಿನಿಂದ ಕೆರೆದು ನೋಡಿ. ಮೇಲಿನ ಅಂಟು ಹೋಗಿ ಕೆಳಗೆ ಗಟ್ಟಿ ಸಿಕ್ಕರೆ ನಿಮ್ಮ ರೆಸಿನ್ ಚೆನ್ನಾಗಿಯೇ ಗಟ್ಟಿಯಾಗಿದೆ. ಮ್ಯಾಟ್ ಹಾಕುವ ಸಾಮಾನ್ಯ ಪಾಲಿಯೆಸ್ಟರಿನಲ್ಲಿ ಮೇಣ ಇರುವುದಿಲ್ಲ. ಗಾಳಿಯ ಆಮ್ಲಜನಕ ತಾಗುವ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಮುಂದಿನ ಪದರ ಚೆನ್ನಾಗಿ ಹಿಡಿಯಲು ಅದು ಒಳ್ಳೆಯದೇ. ಕೊನೆಯ ಕೋಟಿಗೆ ಮಾತ್ರ ಸ್ಟೈರೀನ್ ಎಂಬ ದ್ರವದಲ್ಲಿ ಕರಗಿಸಿದ ಮೇಣ ಬೆರೆಸುತ್ತಾರೆ. ಅದು ತೇಲಿ ಬಂದು ಗಾಳಿಯನ್ನು ತಡೆಯುತ್ತದೆ.

ಎರಡನೆಯದು, ಎದ್ದ ಅಂಚಿನಿಂದ ಒಂದು ತುಂಡು ಕಿತ್ತು, ಅದರ ಕೆಳಬದಿ ಹೇಗಿದೆ ನೋಡಿ. ಮರದ ನಾರು ಅಂಟಿಕೊಂಡು ಬಂದಿದೆಯೇ, ನುಣುಪಾಗಿದೆಯೇ? ಅಂಟುವುದು ಮತ್ತು ಏಳುವುದು ಎರಡು ಬೇರೆ ಬೇರೆ ರೋಗ ಎಂದು ನನಗೆ ಅನ್ನಿಸುತ್ತಿದೆ. ಪ್ಲೈ ಮೇಲೆ ಮ್ಯಾಟಿಗಿಂತ ಮೊದಲು ಏನು ಬಳಿದಿದ್ದಿರಿ?

ಹಿನ್ನೀರಿನವ
ಅಸಿಟೋನಿನಲ್ಲಿ ಒರೆಸಿದೆ. ಕೆಳಗೆ ಗಾಜಿನಂತೆ ಗಟ್ಟಿ! ಐದು ದಿನ ನಿದ್ದೆಗೆಟ್ಟದ್ದು ಇದಕ್ಕೇ.

ಕಿತ್ತ ತುಂಡಿನ ಕೆಳಬದಿ ಮಾತ್ರ ಪೂರ್ತಿ ನುಣುಪು. ಮರದ ಗೆರೆಗಳು ಅಚ್ಚು ಒತ್ತಿದ ಹಾಗೆ ಮೂಡಿವೆ, ಆದರೆ ಒಂದು ಎಳೆ ನಾರೂ ಇಲ್ಲ. ಅಲ್ಲಲ್ಲಿ ಬೆರಳಿಗೆ ಮೆತ್ತಗೆ ಹತ್ತುತ್ತದೆ.

ಮ್ಯಾಟಿಗಿಂತ ಮೊದಲು ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ಬಳಿದಿದ್ದೆ, ಎರಡು ಕೋಟು, ಕೆಳಗೂ ಮೇಲೂ. ಮರದೊಳಗೆ ನೀರು ಇಳಿಯಬಾರದಲ್ಲ. ಎಲ್ಲರೂ ಮಾಡುವುದೇ ಎಂದು ಮೊದಲು ಬರೆಯಲಿಲ್ಲ. ಮರುದಿನ ಬೆಳಿಗ್ಗೆಯೇ ಮ್ಯಾಟ್ ಹಾಕಿದೆ.

ಕಾಳಿ ದಂಡೆ
ಸಿಕ್ಕಿತು. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿ ಮೇಲೆ ಪಾಲಿಯೆಸ್ಟರನ್ನು ನಂಬುವಂತಿಲ್ಲ. ಒಂದೇ ರಾತ್ರಿಯ ಎಪಾಕ್ಸಿಯಾದರೆ ಇನ್ನೂ ಕೆಟ್ಟದು. ಅದರ ಹಾರ್ಡನರಿನಲ್ಲಿರುವ ಅಮೀನ್ ಎಂಬ ರಾಸಾಯನಿಕ ಪೂರ್ತಿ ಬೆರೆತಿರುವುದಿಲ್ಲ, ಮೇಲೆ ಬಿದ್ದ ಪಾಲಿಯೆಸ್ಟರನ್ನು ತಾಗಿದಲ್ಲಿ ಗಟ್ಟಿಯಾಗಲು ಬಿಡುವುದಿಲ್ಲ. ಬೆರಳಿಗೆ ಹತ್ತಿದ ಮೆತ್ತನೆಯ ಪದರ ಅದೇ. ಮೇಲೆ ಹತ್ತು ಪದರ ಎಳೆದರೂ ಪ್ರಯೋಜನವಿಲ್ಲ, ಹತ್ತೂ ಒಟ್ಟಿಗೆ ಏಳುತ್ತವೆ.

ಗಂಗೊಳ್ಳಿ ಫೈಬರ್
ಎಪಾಕ್ಸಿ ಬಳಿದದ್ದನ್ನು ಮೊದಲೇ ಹೇಳಿದ್ದರೆ ನಾನು ಹಾರ್ಡನರ್ ವಿಷಯ ಎತ್ತುತ್ತಲೇ ಇರಲಿಲ್ಲ. ನಾವು ಪ್ಲೈಗೆ ಮೊದಲ ಕೋಟು ಅದೇ ಪಾಲಿಯೆಸ್ಟರನ್ನು ಸ್ವಲ್ಪ ತೆಳ್ಳಗೆ ಮಾಡಿ ಕುಡಿಸುತ್ತೇವೆ. ಅದು ಕೈಗೆ ಹತ್ತುವ ಹದಕ್ಕೆ ಬಂದಾಗ ಮ್ಯಾಟ್ ಹಾಕುತ್ತೇವೆ. ಮೂಲೆಗೆ ಪುಟ್ಟಿ ತುಂಬಿ ದುಂಡಗೆ ಮಾಡಿದ್ದೀರಾ? ನೇರ ಮೂಲೆಗೆ ಮ್ಯಾಟ್ ಮಡಚಿ ಕೂರುವುದಿಲ್ಲ, ಹಿಂದೆ ಗಾಳಿ ಉಳಿಯುತ್ತದೆ. ಬಿಳಿ ಕಂಡದ್ದು ಅದೂ ಇರಬಹುದು.

ಹಿನ್ನೀರಿನವ
ಪುಟ್ಟಿ ಹಾಕಿಲ್ಲ. ಮೂಲೆ ನೇರವಾಗಿಯೇ ಇದೆ.

ನಡುವೆ ತಟ್ಟಿದರೆ ಸದ್ದು ಗಟ್ಟಿಯಾಗಿದೆ. ಅಂಚುಗಳನ್ನು ಮಾತ್ರ ತೆಗೆದು, ನಡುವಿನದನ್ನು ಉಳಿಸಿಕೊಳ್ಳಬಹುದೇ? ರೆಸಿನ್ನಿಗೇ ಎಷ್ಟು ಸಾವಿರ ಸುರಿದಿದ್ದೇನೆ.

ಕೋಡಿ ಕಡಲು
ಉಳಿಸಿಕೊಳ್ಳಿ, ಸುತ್ತಲೂ ಸ್ಟೀಲ್ ಸ್ಕ್ರೂ ಹಾಕಿ ಬಿಗಿದರೆ ಸಾಕು.

ಕಾಳಿ ದಂಡೆ
ಬೇಡವೇ ಬೇಡ. ಹಳೆಯ ಡೆಕ್ಕಿಗೆ ನೀರು ಇಳಿದದ್ದೇ ಸೀಟಿನ ಸ್ಕ್ರೂ ತೂತುಗಳಿಂದ ಇರಬೇಕು. ಸ್ಕ್ರೂ ಹಾಕಲೇಬೇಕಾದಲ್ಲಿ ದೊಡ್ಡ ತೂತು ಕೊರೆದು, ದಪ್ಪ ಮಾಡಿದ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸಣ್ಣ ತೂತು ಕೊರೆಯಬೇಕು. ಆಗ ಮಾತ್ರ ಮರಕ್ಕೆ ನೀರು ತಾಗುವುದಿಲ್ಲ.

ಹಿನ್ನೀರಿನವ
ಇವತ್ತು ಅಗಲ ಉಳಿ ಹಾಕಿ ಎತ್ತಿದೆ. ಗಟ್ಟಿ ಸದ್ದು ಬರುತ್ತಿದ್ದ ನಡುಭಾಗವೂ ಹಪ್ಪಳದ ಹಾಗೆ ದೊಡ್ಡ ದೊಡ್ಡ ಹಾಳೆಯಾಗಿ ಎದ್ದು ಬಂತು. ಒಡಲಿಗೆ ಹಿಡಿದ ನಾಲ್ಕು ಇಂಚು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಅಲ್ಲಿ ಎಪಾಕ್ಸಿ ಇರಲಿಲ್ಲ. ಹಳೆಯ ಫೈಬರನ್ನು ಗ್ರೈಂಡರಿನಲ್ಲಿ 40 ನಂಬರಿನ ಡಿಸ್ಕ್ ಹಾಕಿ ಉಜ್ಜಿ, ನೇರವಾಗಿ ಪಾಲಿಯೆಸ್ಟರ್ ಹಾಕಿದ್ದೆ. ಕಾಳಿ ದಂಡೆಯವರೇ, ನಿಮ್ಮ ಮಾತು ಪೂರ್ತಿ ನಿಜವಾಯಿತು.

ಇನ್ನು ಎಪಾಕ್ಸಿಯಲ್ಲೇ ಮುಗಿಸುತ್ತೇನೆ. ಉಳಿದಿರುವ ಆರು ಮೀಟರ್ ಮ್ಯಾಟನ್ನೇ ಹಾಕಬಹುದಲ್ಲವೇ?

ಕಾಳಿ ದಂಡೆ
ಆ ಮ್ಯಾಟ್ ಬೇಡ. ಅದರ ಎಳೆಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನ ಸ್ಟೈರೀನಿಗೆ ಕರಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಆದ್ದರಿಂದ ಮ್ಯಾಟ್ ಬಿರುಸಾಗಿಯೇ ಉಳಿಯುತ್ತದೆ, ಸರಿಯಾಗಿ ನೆನೆಯುವುದಿಲ್ಲ. ಹೆಣೆದ ಬಟ್ಟೆ ತನ್ನಿ.

ಮೊದಲು ಎಪಾಕ್ಸಿ ಮೇಲ್ಮೈಯನ್ನು ಬರಿಯ ನೀರಿನಿಂದ ತೊಳೆಯಿರಿ, ನಮ್ಮ ತೇವದ ಗಾಳಿಗೆ ಅದರ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಒಣಗಿದ ಮೇಲೆ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ. ಮೆತ್ತಗಿರುವ ಕಡೆ ಮರ ಕಾಣುವವರೆಗೆ ಕೆರೆಯಿರಿ. ಮೂಲೆಗೆ ಪುಟ್ಟಿ ತುಂಬಿ ಒಂದೂವರೆ ಇಂಚಿನ ಪಿವಿಸಿ ಪೈಪಿನ ತುಂಡಿನಿಂದ ಎಳೆದರೆ ಹದವಾದ ದುಂಡು ಬರುತ್ತದೆ. ಈ ಸೆಕೆಯಲ್ಲಿ ಒಂದೇ ಸಲಕ್ಕೆ ಹೆಚ್ಚು ಕಲಸಬೇಡಿ, ಕಲಸಿದ್ದನ್ನು ಅಗಲ ತಟ್ಟೆಗೆ ಸುರಿದುಕೊಳ್ಳಿ, ಇಲ್ಲದಿದ್ದರೆ ಮಗ್ಗಿನಲ್ಲೇ ಕುದಿಯುತ್ತದೆ. ಎಪಾಕ್ಸಿ ಬಿಸಿಲಿಗೆ ತಾಳುವುದಿಲ್ಲ, ಕೊನೆಗೆ ಪಾಲಿಯುರಿಥೇನ್ ಬಣ್ಣ ಬೇಕೇ ಬೇಕು. ಎಪಾಕ್ಸಿ ಮೇಲೆ ಜೆಲ್‌ಕೋಟ್ ಬಳಿಯಲು ಹೋಗಬೇಡಿ, ಅದೂ ಪಾಲಿಯೆಸ್ಟರೇ.

ಮಸ್ಕತ್ ಕನ್ನಡಿಗ
ಎಪಾಕ್ಸಿಯಲ್ಲಿ ಹಾಕಿಸಿದ ನನ್ನ ಡೆಕ್ಕಿನ ಚಿತ್ರಗಳನ್ನು ಇವತ್ತು ರಾತ್ರಿ ಹಾಕುತ್ತೇನೆ. ಎರಡು ಎಂಜಿನ್ ಕೂತಿರುವ ರೀತಿಯನ್ನೂ ನೋಡಿ.

ಗಂಗೊಳ್ಳಿ ಫೈಬರ್
ಡೆಕ್ ಅಷ್ಟು ಕೊಳೆತಿದ್ದರೆ ಎಂಜಿನ್ ಕೂರುವ ಹಿಂಬದಿಯ ಹಲಗೆ ನೋಡಿದ್ದೀರಾ? ಅದರೊಳಗೂ ಪ್ಲೈ ಇರುತ್ತದೆ. ಡೆಕ್ ಮುಚ್ಚುವ ಮೊದಲೇ ನೋಡಬೇಕು. ಬೋಲ್ಟುಗಳ ಸುತ್ತ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ.

ಹಿನ್ನೀರಿನವ
ಈಗಷ್ಟೇ ತಟ್ಟಿ ಬಂದೆ. ಬಲಬದಿ ಟಣ್ ಎನ್ನುತ್ತದೆ. ಎಡಬದಿಯ ಕೆಳಗಿನ ಬೋಲ್ಟಿನ ಸುತ್ತ ಒಂದು ಗೇಣು ಜಾಗದಲ್ಲಿ ಸದ್ದು ಮಂದವಾಗಿದೆ. ಬೋಲ್ಟ್ ಸಡಿಲಿಸಿದಾಗ ತೂತಿನಿಂದ ಕಂದು ನೀರು ಇಳಿಯಿತು.