ಅಟ್ಟದಲ್ಲಿ ಸಿಕ್ಕಿದ ಒಂದು ವಾಲ್ವಿನ ರಿಸೀವರ್: 144 ಮೆಗಾಹರ್ಟ್ಸ್‌ಗೆ ಬಳಸಬಹುದೇ?

ಪ್ರಶ್ನೆ (ಬದಿಯಡ್ಕ)

ಹ್ಯಾಮ್ (ಹವ್ಯಾಸಿ ರೇಡಿಯೊ ಬಳಕೆದಾರ) ಆಗಿದ್ದ ನನ್ನ ದೊಡ್ಡಪ್ಪನವರು ಹಲಸಿನ ಹಲಗೆಯ ಮೇಲೆ ಕಟ್ಟಿದ್ದ ರಿಸೀವರೊಂದು ಹಳೆಯ ಮನೆಯ ಅಟ್ಟದಲ್ಲಿ ಸಿಕ್ಕಿತು. ಒಂದು ವಾಲ್ವು (ನಿರ್ವಾತ ನಳಿಗೆ), ನಾಲ್ಕು ಸುತ್ತಿನ ಕಾಯಿಲ್, ಒಂದು ಸಣ್ಣ ಗ್ಯಾಂಗ್ (ಶ್ರುತಿ ಮಾಡಲು ತಿರುಗಿಸುವ ಕೆಪಾಸಿಟರ್), ಹೆಡ್‌ಫೋನ್, ಇಷ್ಟೇ ಸಾಮಗ್ರಿ. ವಿದ್ಯುತ್ ಕೊಟ್ಟರೆ ಹೆಂಚಿನ ಮಾಡಿಗೆ ಮಳೆ ಹೊಯ್ದಂಥ ಸದ್ದು. ಲೈಸೆನ್ಸ್ ಇರುವ ಗೆಳೆಯರೊಬ್ಬರು ಎರಡು ಮೀಟರ್ ಬ್ಯಾಂಡಿನಲ್ಲಿ (144 ಮೆಗಾಹರ್ಟ್ಸ್‌ನಿಂದ ಶುರುವಾಗುವ ಹ್ಯಾಮ್ ತರಂಗಪಟ್ಟಿ) ಮಾತನಾಡಿದಾಗ ಆ ಸದ್ದು ಅಡಗುತ್ತದೆ, ಆದರೆ ಅವರ ಮಾತು ಬಹಳ ಕ್ಷೀಣವಾಗಿ ಕೇಳಿಸುತ್ತದೆ. ಇದಕ್ಕೆ ಕಾರಣವೇನು? ಉಪಕರಣಗಳಿಲ್ಲದೆ ಇದರ ಆವರ್ತನವನ್ನು ಅಳೆಯುವುದು ಹೇಗೆ?

ಉತ್ತರ (ಕುಂಬಳೆ)

ನಿಮ್ಮದು ಸೂಪರ್‌ರೀಜನರೇಟಿವ್ ರಿಸೀವರ್. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1922ರಲ್ಲಿ ಪ್ರಕಟಿಸಿದ ವಿಧಾನ. ಇದರಲ್ಲಿ ವಾಲ್ವು ಆಂದೋಲನಕ್ಕೆ ತೊಡಗುವುದನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ತಡೆದು ಮತ್ತೆ ಬಿಡಲಾಗುತ್ತದೆ. ಸಂಕೇತವಿಲ್ಲದಾಗ ಪ್ರತಿ ಆಂದೋಲನವೂ ಸರ್ಕ್ಯೂಟಿನದೇ ಸಹಜ ಗದ್ದಲದಿಂದ ಬೆಳೆಯುವುದರಿಂದ ಮಳೆಯ ಸದ್ದು ಕೇಳಿಸುತ್ತದೆ. ಸಂಕೇತ ಬಂದೊಡನೆ ಬೆಳವಣಿಗೆ ಅದರಿಂದಲೇ ಆರಂಭವಾಗಿ ಸದ್ದು ಅಡಗುತ್ತದೆ. ಹಲವು ವಾಲ್ವುಗಳು ಮಾಡಬೇಕಾದ ವರ್ಧನೆಯನ್ನು ಒಂದೇ ವಾಲ್ವು ಮಾಡುವುದರಿಂದ, ಕೈಯಲ್ಲಿ ಕಾಸಿಲ್ಲದ ಹ್ಯಾಮ್‌ಗಳು 1930ರ ದಶಕದಲ್ಲೇ ಐದು ಮೀಟರ್ ಬ್ಯಾಂಡಿನಲ್ಲಿ ಇದನ್ನು ನೆಚ್ಚಿಕೊಂಡಿದ್ದರು. ಅವರ ಟ್ರಾನ್ಸ್‌ಮಿಟರುಗಳೂ ಅಷ್ಟೇ ಒರಟು: ಮಾತನಾಡುವಾಗ ಆವರ್ತನ ಅತ್ತಿತ್ತ ಜಾರಿದರೂ, ರಿಸೀವರಿನ ಶ್ರುತಿ ಅಗಲವಾಗಿದ್ದುದರಿಂದ ಮಾತು ತಪ್ಪಿಹೋಗುತ್ತಿರಲಿಲ್ಲ.

ಆ ಅಗಲವೇ ಈಗ ನಿಮಗೆ ತೊಡಕು. ಇಂದಿನ ಕಿರಿದಾದ ಎಫ್‌ಎಂ ಸಂಕೇತದಿಂದ ಇದು ಹೊರತೆಗೆಯುವ ಧ್ವನಿ ಅತ್ಯಲ್ಪ. ಗ್ಯಾಂಗನ್ನು ತುಸು ಪಕ್ಕಕ್ಕೆ ತಿರುಗಿಸಿದರೆ ಸ್ವಲ್ಪ ಸುಧಾರಿಸೀತು. ಇನ್ನೊಂದು ಮಾತು: ರಿಸೀವರ್ ಎಂದು ಕರೆದರೂ ಇದು ಆಂಟೆನಾದ ಮೂಲಕ ಗದ್ದಲವನ್ನು ಹೊರಸೂಸುತ್ತದೆ. ಆದ್ದರಿಂದ ನಡುವೆ ಒಂದು ಆರ್‌ಎಫ್ ಹಂತವನ್ನು (ರೇಡಿಯೊ ಆವರ್ತನದ ವರ್ಧಕ) ಸೇರಿಸದೆ ಹೊರಗಿನ ಆಂಟೆನಾ ಜೋಡಿಸಬೇಡಿ. ವಾಲ್ವಿನ ಹೈ ವೋಲ್ಟೇಜಿನ ಹತ್ತಿರ ಬೆರಳು ಇಡಬಾರದೆಂದು ಬೇರೆ ಹೇಳಬೇಕಿಲ್ಲವಷ್ಟೆ.

ಉತ್ತರ (ಮಂಜೇಶ್ವರ)

ಅಮೆರಿಕದ ಹೀತ್‌ಕಿಟ್ ಕಂಪನಿಯ 'ಟೂಅರ್' ಎಂಬ ಬುತ್ತಿಪೆಟ್ಟಿಗೆಯಂಥ ಅಗ್ಗದ ಸೆಟ್ಟಿನಲ್ಲಿ ಇದ್ದುದೂ ಇಂಥದೇ ರಿಸೀವರ್. ಆದರೆ ಅದರ ಟ್ರಾನ್ಸ್‌ಮಿಟರಿನ ಆವರ್ತನ ಜಾರದಂತೆ ಕ್ರಿಸ್ಟಲ್ (ಒಂದೇ ಆವರ್ತನದಲ್ಲಿ ಕಂಪಿಸುವ ಸ್ಫಟಿಕ) ಹಿಡಿದಿಡುತ್ತಿತ್ತು: ಕ್ರಿಸ್ಟಲಿನ 8 ಮೆಗಾಹರ್ಟ್ಸ್‌ನ 18 ಪಟ್ಟು 144.

ಅಳೆಯಲು ಲೆಚರ್ ತಂತಿ ಸಾಕು. ಮೂರು ಮೀಟರ್ ಉದ್ದದ ಎರಡು ಬರಿಯ ತಾಮ್ರದ ತಂತಿಗಳನ್ನು ಒಣಗಿದ ಅಡಿಕೆ ದಬ್ಬೆಯ ಚೌಕಟ್ಟಿಗೆ ಸಮಾನಾಂತರವಾಗಿ ಬಿಗಿದು, ಒಂದು ತುದಿಯ ಕುಣಿಕೆಯನ್ನು ಕಾಯಿಲಿನ ಬಳಿ ಹಿಡಿಯಿರಿ. ಎರಡೂ ತಂತಿಗಳಿಗೆ ತಾಗುವಂತೆ ಲೋಹದ ಪಟ್ಟಿಯೊಂದನ್ನು ಸರಿಸುತ್ತಾ ಹೋದರೆ ಕೆಲವೆಡೆ ಮಳೆಯ ಸದ್ದು ತಟ್ಟನೆ ನಿಲ್ಲುತ್ತದೆ. ಅಂಥ ಎರಡು ಅನುಕ್ರಮ ಸ್ಥಳಗಳ ನಡುವಿನ ದೂರವೇ ಅರ್ಧ ತರಂಗಾಂತರ. 144 ಮೆಗಾಹರ್ಟ್ಸ್‌ಗೆ ಅದು ಸುಮಾರು 104 ಸೆಂಟಿಮೀಟರ್.

ಪ್ರಶ್ನೆ ಕೇಳಿದವರು (ಬದಿಯಡ್ಕ)

ಇಬ್ಬರಿಗೂ ಕೃತಜ್ಞತೆಗಳು. ಮೊದಲ ಅಳತೆಯಲ್ಲಿ 102 ಸೆಂಟಿಮೀಟರ್ ಬಂತು, ಅಂದರೆ ಸುಮಾರು 147 ಮೆಗಾಹರ್ಟ್ಸ್. ನಮ್ಮ ಬ್ಯಾಂಡು 144ರಿಂದ 146ರವರೆಗೆ ಮಾತ್ರ. ಸೆಟ್ಟನ್ನು ಆರಿಸಿ ಕಾಯಿಲಿನ ಸುತ್ತುಗಳನ್ನು ಕೂದಲೆಳೆಯಷ್ಟು ಒತ್ತಾಗಿಸಿದ ಮೇಲೆ 103.5 ಸೆಂಟಿಮೀಟರಿಗೆ ಬಂದಿದೆ. ಆರ್‌ಎಫ್ ಹಂತ ಸೇರಿಸುವವರೆಗೆ ಆಂಟೆನಾ ಬಿಚ್ಚಿಟ್ಟಿದ್ದೇನೆ.