ಕುಚ್ಚು ಕಟ್ಟಿ ಕಟ್ಟಿ ಕತ್ತು, ಭುಜ ಹಿಡಿದುಕೊಂಡಿದೆ. ಮನೆಯಲ್ಲೇ ಒತ್ತಿಸಿಕೊಳ್ಳಬಹುದಾ?

ಕುಚ್ಚಿನ ಅಕ್ಕ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಕಟ್ಟುತ್ತೇನೆ. ಶ್ರಾವಣ ಬಂತೆಂದರೆ ದಿನಕ್ಕೆ ಎಂಟು ಒಂಬತ್ತು ಗಂಟೆ ತಲೆ ಬಗ್ಗಿಸಿಯೇ ಕೂತಿರುತ್ತೇನೆ. ಈ ಸಲ ವರಮಹಾಲಕ್ಷ್ಮಿ ಹಬ್ಬ ಮುಗಿಯುವ ಹೊತ್ತಿಗೆ ಬಲಗಡೆ ಹೆಗಲು ಕಲ್ಲಿನ ಹಾಗಾಗಿದೆ. ಹಿಂಗತ್ತಿನಿಂದ ಶುರುವಾಗಿ ಬೆನ್ನಿನ ರೆಕ್ಕೆ ಮೂಳೆಯವರೆಗೂ ಎಳೆತ, ಸಂಜೆಯಾದರೆ ಬಲಗಣ್ಣಿನ ಪಕ್ಕ ಕಪಾಲ ಸಿಡಿಯುತ್ತದೆ.

ಒಂದು ಕಡೆ ಫಿಸಿಯೋಥೆರಪಿಗೆ ಮೂರು ಸಲ ಹೋದೆ. ಒಂದು ಸಲಕ್ಕೆ 500 ರೂಪಾಯಿ. ಕರೆಂಟ್ ಮಷೀನ್ ಅಂಟಿಸಿ ಹದಿನೈದು ನಿಮಿಷ ಮಲಗಿಸಿದರು, ಅಷ್ಟೇ, ಯಾರೂ ಕೈಯಲ್ಲಿ ಮುಟ್ಟಿಯೂ ನೋಡಲಿಲ್ಲ. ಆಮೇಲೆ ನಮ್ಮ ಯಜಮಾನರು ಎಣ್ಣೆ ಹಚ್ಚಿ ಒತ್ತಿದರು. ಅವರು ಒತ್ತುವುದು ಅಂದರೆ ಚಪಾತಿ ಹಿಟ್ಟು ನಾದಿದ ಹಾಗೆ, ಮಾರನೇ ದಿನ ನೀಲಿಗಟ್ಟಿತ್ತು! ನಮ್ಮ ನಾದಿನಿ ಕಟಿಂಗ್ ಶಾಪಿನವನ ಹತ್ತಿರ ಲಟಿಕೆ ತೆಗೆಸಿಕೊಂಡರೆ ಒಂದೇ ಏಟಿಗೆ ಸರಿಹೋಗುತ್ತದೆ ಅನ್ನುತ್ತಾಳೆ. ಕೈಯಲ್ಲಿ ಒತ್ತುವುದಕ್ಕೂ ಒಂದು ಕ್ರಮ ಇರುತ್ತದೆ ಅಲ್ವಾ? ತಿಳಿದವರು ಹೇಳಿ.

ಕಟಿಂಗ್ ಶಾಪ್ ಸಂತ್ರಸ್ತ

ಅಕ್ಕ, ಲಟಿಕೆ ಮಾತ್ರ ಬೇಡ. ನಾನು ಎಷ್ಟೋ ವರ್ಷ ಕ್ಷೌರ ಆದ ಮೇಲೆ ತಲೆ ಮಸಾಜು, ಕೊನೆಗೆ ಎರಡೂ ಕಡೆ ಲಟ್ ಅನ್ನಿಸಿಕೊಂಡೇ ಎದ್ದು ಬರುತ್ತಿದ್ದವನು. ಹಾಯ್ ಅನ್ನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೋದ ವರ್ಷ ಒಂದು ದಿನ ಹಾಗೆ ತಿರುಗಿಸಿದ ಮೇಲೆ ಕತ್ತು ಒಂದೇ ಕಡೆಗೆ ನಿಂತುಬಿಟ್ಟಿತು. ಹತ್ತು ದಿನ ಬೈಕ್ ಓಡಿಸಲಿಲ್ಲ, ಹಿಂದೆ ಬರುವ ಗಾಡಿ ನೋಡಬೇಕೆಂದರೆ ಇಡೀ ಮೈ ತಿರುಗಿಸಬೇಕಿತ್ತು. ನನ್ನದು ಅಷ್ಟಕ್ಕೇ ಮುಗಿಯಿತು. 2024ರಲ್ಲಿ ಬಳ್ಳಾರಿ ಕಡೆಯ ಒಬ್ಬ ಯುವಕನಿಗೆ ಹೀಗೇ ಕತ್ತು ತಿರುಗಿಸಿದಾಗ ರಕ್ತನಾಳ ಸೀಳಿ ಸ್ಟ್ರೋಕ್ ಆಗಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ಆಮೇಲೆ ನಾನು ಕುರ್ಚಿಯಲ್ಲಿ ಕೂರುವಾಗಲೇ ಹೇಳಿಬಿಡುತ್ತೇನೆ, ಕತ್ತಿಗೆ ಕೈ ಹಾಕಬೇಡಪ್ಪಾ ಅಂತ.

ಹುಬ್ಬಳ್ಳಿ ಫಿಸಿಯೋ

ಮೇಲಿನವರು ಹೇಳಿದ್ದು ನಿಜ. ಅಂಥದ್ದು ಅಪರೂಪ, ಆದರೆ ಆಯಿತು ಅಂದರೆ ದೊಡ್ಡದೇ ಆಗುತ್ತದೆ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಹೋಗುತ್ತವೆ, ಝಟ್ ಅಂತ ತಿರುಗಿಸಿದಾಗ ಅವುಗಳ ಒಳಪದರ ಹರಿಯಬಹುದು. ಲಟ್ ಅಂದಿದ್ದಕ್ಕೆ ಮೂಳೆ ಜಾಗಕ್ಕೆ ಕೂತಿತು ಅಂತ ಜನ ತಿಳಿಯುತ್ತಾರೆ, ಅದು ಕೀಲಿನ ಒಳಗಿನ ಗಾಳಿಯ ಸದ್ದು.

ಮೇಡಂ, ಒತ್ತುವ ಮೊದಲು ಕೆಲವು ಪ್ರಶ್ನೆ. ಬೆರಳಿಗೆ ಜೋಮು ಬರುತ್ತದಾ? ಕತ್ತರಿ, ಲೋಟ ಕೈಯಿಂದ ಜಾರುತ್ತದಾ? ನಡೆಯುವಾಗ ತೂರಾಡಿದ ಹಾಗಾಗುತ್ತದಾ? ಜ್ವರ, ಸುಮ್ಮನೆ ತೂಕ ಇಳಿಯುವುದು, ಮಲಗಿದರೂ ಬಿಡದ ನೋವು, ಎಲ್ಲಾದರೂ ಬಿದ್ದಿದ್ದು ಇದೆಯಾ? ಒಂದಕ್ಕೆ ಹೌದು ಅಂದರೂ ಒತ್ತಿಸಿಕೊಳ್ಳಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಮೆಟ್ಟಿಲು ಹತ್ತುವಾಗ ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಬಂದರಂತೂ ನೇರ ಆಸ್ಪತ್ರೆಗೆ.

ಇದ್ಯಾವುದೂ ಇಲ್ಲ ಅಂದರೆ ನೀವು ಹೇಳುತ್ತಿರುವುದು ಎರಡು ಸ್ನಾಯುಗಳ ಕಥೆ. ಒಂದು ಟ್ರೆಪೀಜಿಯಸ್, ಕತ್ತಿನಿಂದ ಹೆಗಲಿಗೆ ಇಳಿಜಾರಾಗಿ ಬರುತ್ತದಲ್ಲ, ಬ್ಯಾಗ್ ಪಟ್ಟಿ ಕೂರುವ ಜಾಗ, ಅದು. ಇನ್ನೊಂದು ಅದರ ಅಡಿಯಲ್ಲಿ ಲಿವೇಟರ್ ಸ್ಕ್ಯಾಪುಲೆ, ರೆಕ್ಕೆ ಮೂಳೆಯ ಮೇಲ್ಮೂಲೆಯಿಂದ ಕತ್ತಿನ ಮೇಲಿನ ನಾಲ್ಕು ಮೂಳೆಗಳಿಗೆ ಹೋಗುತ್ತದೆ. ನಿಮ್ಮ ಕಪಾಲದ ಸಿಡಿತ ಹೆಗಲಿನದ್ದೇ ಇರಬಹುದು. ಅಮೆರಿಕದಲ್ಲಿ ಜಾನೆಟ್ ಟ್ರಾವೆಲ್ ಅಂತ ಒಬ್ಬ ವೈದ್ಯೆ ಇದ್ದರು, ಅಧ್ಯಕ್ಷ ಕೆನಡಿಯವರ ಬೆನ್ನುನೋವು ನೋಡಿದವರು. ಯಾವ ಸ್ನಾಯು ಒತ್ತಿದರೆ ನೋವು ಎಲ್ಲಿಗೆ ಹರಿಯುತ್ತದೆ ಅಂತ ನಕ್ಷೆಯನ್ನೇ ಮಾಡಿಟ್ಟರು. ಟ್ರೆಪೀಜಿಯಸ್ ಮೇಲ್ಭಾಗದ ನೋವು ಕತ್ತಿನ ಪಕ್ಕದಿಂದ ಕಪಾಲಕ್ಕೆ ಏರುತ್ತದೆ ಅನ್ನುವುದು ಅದರಲ್ಲೇ ಇದೆ.

ಈಗ ಯಜಮಾನರಿಗೆ ಪಾಠ. ನೀವು ಕುರ್ಚಿಯಲ್ಲಿ ಕೂತು ಕೈಯನ್ನು ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಇಡಿ. ಕೈ ಜೋತಾಡುತ್ತಿದ್ದರೆ ಹೆಗಲು ಸಡಿಲ ಆಗುವುದಿಲ್ಲ. ಅವರು ಹೆಗಲಿನ ಮಾಂಸವನ್ನು ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಜಾರಿಸುತ್ತಾ ಹೋಗಲಿ. ಒಂದು ಕಡೆ ದಾರದ ಹಾಗೆ ಬಿಗಿಯಾಗಿ ಸಿಗುತ್ತದೆ, ನೀವು "ಹಾಂ, ಅಲ್ಲೇ" ಅನ್ನುತ್ತೀರಿ. ಅಲ್ಲಿ ನಿಲ್ಲಬೇಕು. ಉಜ್ಜುವುದಲ್ಲ, ನಾದುವುದಲ್ಲ, ಸುಮ್ನೆ ಹಿಡಿದು ನಿಲ್ಲುವುದು. ಹತ್ತಕ್ಕೆ ಐದು ಆರರಷ್ಟು ನೋವಾದರೆ ಸಾಕು, ನೀವು ಉಸಿರು ಬಿಗಿಹಿಡಿದಿರಿ ಅಂದರೆ ಒತ್ತಡ ಜಾಸ್ತಿಯಾಯಿತು ಅಂತ ಅರ್ಥ. 30 ಸೆಕೆಂಡಿನಿಂದ ಒಂದು, ಒಂದೂವರೆ ನಿಮಿಷದೊಳಗೆ ನೋವು ತಾನೇ ಇಳಿಯುತ್ತದೆ. ಇಳಿಯದಿದ್ದರೆ ಬಿಟ್ಟು ಮುಂದಿನ ಜಾಗ. ಗಂಟು ಕರಗಿತು ಅಂತ ಎಲ್ಲರೂ ಹೇಳುತ್ತಾರೆ, ನಾನೂ ರೋಗಿಗಳ ಹತ್ತಿರ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅಲ್ಲಿ ಕರಗುವಂಥ ಗಂಟು ಇರುವುದಿಲ್ಲ, ನರಗಳು ಆ ಜಾಗವನ್ನು ಕಾಪಾಡಲೆಂದು ಬಿಗಿಹಿಡಿದಿರುವುದನ್ನು ಸ್ವಲ್ಪ ಸಡಿಲಿಸುತ್ತವೆ ಅನ್ನಬಹುದು. ಇದರ ಬಗ್ಗೆ ನಮ್ಮವರಲ್ಲೇ ಇನ್ನೂ ಜಗಳ ಇದೆ.

ಆಮೇಲೆ ನನಗೆ ಇಷ್ಟವಾದ ವಿಧಾನ. ಎಡಗಿವಿಯನ್ನು ಎಡಭುಜದ ಕಡೆ ಬಗ್ಗಿಸಿ, ಬಲಗಡೆ ಬಿಗಿ ಸಿಕ್ಕಿದ ಕೂಡಲೇ ನಿಲ್ಲಿಸಿ. ಎಡಗೈಯನ್ನು ತಲೆಯ ಬಲಪಕ್ಕಕ್ಕೆ ಇಡಿ. ಈಗ ತಲೆಯಿಂದ ಆ ಕೈಯನ್ನು ಮೆಲ್ಲಗೆ ತಳ್ಳಿ, ಇರುವ ಬಲದ ಐದನೇ ಒಂದು ಭಾಗ ಮಾತ್ರ, ಕೈ ಜಗ್ಗಬಾರದು. ಏಳೆಂಟು ಸೆಕೆಂಡ್. ಉಸಿರು ಬಿಡುತ್ತಾ ಸಡಿಲಿಸಿ. ತಲೆ ತಾನಾಗಿಯೇ ಇನ್ನೊಂದು ಬೆರಳಷ್ಟು ಕೆಳಗೆ ಹೋಗುತ್ತದೆ, ಎಳೆಯಬೇಡಿ. ಮೂರು ನಾಲ್ಕು ಸಲ. ಮಸಲ್ ಎನರ್ಜಿ ಅನ್ನುತ್ತೇವೆ. ಅವರ ಕೈ ಭಾರವೇ ಅಂತಾದರೆ ಇದನ್ನು ನೀವೊಬ್ಬರೇ ಮಾಡಿಕೊಳ್ಳಿ.

ರೆಕ್ಕೆ ಮೂಳೆಯ ಮೂಲೆಗೆ ಹಳೆ ಟೆನಿಸ್ ಬಾಲ್ ಸಾಕು. ಕಾಲುಚೀಲದೊಳಗೆ ಹಾಕಿ ಹೆಗಲ ಮೇಲಿಂದ ಇಳಿಬಿಟ್ಟು ಗೋಡೆಗೆ ಒರಗಿ. ಬೆನ್ನುಮೂಳೆಯ ಮೇಲೆ ಬೇಡ. ಕತ್ತಿನ ಮುಂಭಾಗ, ನಾಡಿ ಬಡಿಯುವ ಜಾಗವನ್ನಂತೂ ಯಾರೂ ಒತ್ತಬಾರದು.

ದಾವಣಗೆರೆ ಟೈಲರ್

ಫಿಸಿಯೋ ಸಾರ್ ಹೇಳಿದ್ದೆಲ್ಲ ಸರಿ, ಆದರೆ ಬೆಳಿಗ್ಗೆ ಒತ್ತಿಸಿಕೊಂಡು ಮತ್ತೆ ಅದೇ ಥರ ಬಗ್ಗಿ ಕೂತರೆ ಸಂಜೆಗೆ ಅದೇ ನೋವು. ನಾನು 22 ವರ್ಷ ಮಷೀನ್ ತುಳಿದಿದ್ದೇನೆ, ಎಣ್ಣೆಗೆ ಸುರಿದ ದುಡ್ಡಿನಲ್ಲಿ ಇನ್ನೊಂದು ಮಷೀನ್ ಬರುತ್ತಿತ್ತು. ತಂಗೀ, ಸೆರಗನ್ನು ತೊಡೆ ಮೇಲೆ ಹಾಕಿಕೊಂಡು ಕುಚ್ಚು ಕಟ್ಟುತ್ತೀಯಾ? ಅದೇ ತಪ್ಪು. ಕಿಟಕಿ ಸರಳಿಗೆ ಅಡ್ಡ ಕೋಲು ಕಟ್ಟಿ ಎದೆಮಟ್ಟಕ್ಕೆ ಸೆರಗು ಇಳಿಬಿಡು, ಕತ್ತು ಬಗ್ಗುವುದು ಅರ್ಧ ಕಮ್ಮಿ ಆಗುತ್ತದೆ. ಮಷೀನಿಗೆ ಸ್ಟೂಲ್ ಎತ್ತರ ನೋಡಿಕೋ, ಮೊಣಕೈ ಟೇಬಲ್ಲಿಗಿಂತ ಕೆಳಗಿದ್ದರೆ ಇಡೀ ದಿನ ಹೆಗಲು ಎತ್ತಿಕೊಂಡೇ ಇರುತ್ತೀಯ. ಒಂದು ಸೀರೆಗೆ ನಾಲ್ಕು ಸಲ ಎದ್ದು ಓಡಾಡು.

ಹುಬ್ಬಳ್ಳಿ ಫಿಸಿಯೋ

ಇದನ್ನು ನಾನೇ ಹೇಳಬೇಕಿತ್ತು, ಥ್ಯಾಂಕ್ಸ್. ಬರೀ ಕೈಚಿಕಿತ್ಸೆಯ ಆರಾಮ ಜಾಸ್ತಿ ದಿನ ನಿಲ್ಲುವುದಿಲ್ಲ. ನೋವು ಇಳಿದ ಮೇಲೆ ಹೆಗಲಿಗೆ ಬಲ ಬರಿಸುವ ವ್ಯಾಯಾಮ ಬೇಕು. ಒಂದೊಂದು ಲೀಟರ್ ನೀರಿನ ಬಾಟಲಿ ಕೈಯಲ್ಲಿ ಹಿಡಿದು ಹೆಗಲನ್ನು ಕಿವಿಯತ್ತ ಎತ್ತಿ ಇಳಿಸುವುದರಿಂದ ಶುರು ಮಾಡಿ. ಹಾಂ, ಕರೆಂಟ್ ಮಷೀನ್ ಮಾತ್ರ ಇಟ್ಟು ಕಳಿಸುವ ಕಡೆ ದುಡ್ಡು ಹಾಕಬೇಡಿ. ಮೊದಲು ಕತ್ತು ಎಷ್ಟು ತಿರುಗುತ್ತದೆ, ಕೈಯ ಬಲ ಎಷ್ಟಿದೆ ಅಂತ ಪರೀಕ್ಷಿಸಿ ಆಮೇಲೆ ಕೈ ಹಚ್ಚುವವರ ಹತ್ತಿರ ಹೋಗಿ.

ಕುಚ್ಚಿನ ಅಕ್ಕ, ಶಿವಮೊಗ್ಗ

ಮೂರು ವಾರ ಆಯಿತು, ಹೇಳಿಹೋಗೋಣ ಅಂತ ಬಂದೆ. ಜೋಮು, ಜ್ವರ ಏನೂ ಇರಲಿಲ್ಲ. ಕಿಟಕಿಗೆ ಕೋಲು ಕಟ್ಟಿದ್ದೇನೆ. ಮೊದಲ ಎರಡು ದಿನ ಕುಚ್ಚು ಸೊಟ್ಟ ಬಂತು, ಈಗ ಕೈ ಕೂತಿದೆ. ಯಜಮಾನರು ಹಿಡಿದು ನಿಂತು ಜೋರಾಗಿ ಒಂದು, ಎರಡು ಅಂತ ಅರವತ್ತರವರೆಗೆ ಎಣಿಸುತ್ತಾರೆ, ನಲವತ್ತರ ಹತ್ತಿರ ಬಂದಾಗ ನಿಜವಾಗಲೂ ಇಳಿಯುತ್ತದೆ. ಕಪಾಲದ ಸಿಡಿತ ಈ ವಾರ ಒಂದೇ ದಿನ ಬಂದಿದ್ದು. ಬಾಲ್ ಮಾತ್ರ ಮಗ ಕ್ರಿಕೆಟ್ಟಿಗೆ ಒಯ್ದು ಕಳೆದು ಬಂದಿದ್ದಾನೆ. ಒಂದು ಕೇಳುವುದು ಮರೆತಿದ್ದೆ ಸಾರ್, ಬಿಸಿನೀರಿನ ಬ್ಯಾಗ್ ಒತ್ತುವ ಮುಂಚೆ ಇಡಬೇಕಾ, ಆಮೇಲಾ?

ಹುಬ್ಬಳ್ಳಿ ಫಿಸಿಯೋ

ಮುಂಚೆ, ಹತ್ತು ಹದಿನೈದು ನಿಮಿಷ. ಟವೆಲ್ ಸುತ್ತಿ ಇಡಿ. ಆಮೇಲೂ ಬೇಕು ಅನ್ನಿಸಿದರೆ ಇಟ್ಟುಕೊಳ್ಳಿ, ತೊಂದರೆ ಇಲ್ಲ. ಬಾಲ್ ಎರಡು ತಗೊಳ್ಳಿ.