ಪ್ರೊಫೈಲರ್ ಕೊಡುವ ಸಮಯ ಮತ್ತು ಮೆಮೊರಿಯ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ:
ದೊಡ್ಡ ಲಾಗ್ ಫೈಲ್‌ಗಳನ್ನು ಓದಿ, ಪ್ರತಿ ಸಾಲನ್ನೂ ಬಿಡಿಸಿ, ವರದಿ ತಯಾರಿಸುವ ಪೈಥಾನ್ ಪ್ರೋಗ್ರಾಂ ಒಂದು ನನ್ನ ಬಳಿ ಇದೆ. ಅದು ನಿಧಾನವೆಂದು, ಯಾವ ಫಂಕ್ಷನ್‌ಗೆ ಎಷ್ಟು ಸಮಯ ಹೋಗುತ್ತದೆಂದು ಅಳೆಯುವ ಸಿಪ್ರೊಫೈಲ್ (cProfile) ಎಂಬ ಪ್ರೊಫೈಲರ್ ಹಾಕಿ ಓಡಿಸಿದರೆ, ಮೊದಲಿನ ಎರಡರಷ್ಟು ಸಮಯ ಹಿಡಿಯುತ್ತದೆ. ವರದಿಯ ಮೇಲ್ತುದಿಯಲ್ಲಿ ಕಾಣುವುದು ಲಕ್ಷಾಂತರ ಕರೆಗಳು ಬಂದಿರುವ ಒಂದು ಪುಟ್ಟ ಫಂಕ್ಷನ್. ವಿಳಂಬ ನಿಜವಾಗಿಯೂ ಅಲ್ಲಿಯೇ ಇದೆಯೇ, ಅಥವಾ ಅಳೆಯುವ ಸಾಧನವೇ ಲೆಕ್ಕ ಕೆಡಿಸುತ್ತಿದೆಯೇ? ಇದರ ಜೊತೆಗೆ, ಓದಿದ ದತ್ತಾಂಶವನ್ನು ಅಳಿಸಿದ ಮೇಲೂ, ಓಡುತ್ತಿರುವ ಪ್ರೋಗ್ರಾಂಗಳ ಮೆಮೊರಿ ಬಳಕೆ ತೋರಿಸುವ ಟಾಪ್ (top) ಕಮಾಂಡಿನಲ್ಲಿ ಮೆಮೊರಿ ಇಳಿಯುವುದಿಲ್ಲ. ಇದು ಸೋರಿಕೆಯೇ, ಅಂದರೆ ಬೇಡವಾದ ಮೆಮೊರಿ ಬಿಡುಗಡೆಯಾಗದೆ ಉಳಿಯುತ್ತಿದೆಯೇ?

ಉತ್ತರ 1:
ನಿಮ್ಮ ಅನುಮಾನಕ್ಕೆ ಆಧಾರವಿದೆ. ಸಿಪ್ರೊಫೈಲ್ ಪ್ರತಿ ಫಂಕ್ಷನ್ ಕರೆಯ ಆರಂಭ ಮತ್ತು ಅಂತ್ಯಗಳೆರಡನ್ನೂ ದಾಖಲಿಸುತ್ತದೆ. ಆ ದಾಖಲಾತಿಯ ಖರ್ಚು ಪ್ರತಿ ಕರೆಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಕ್ಷಣದಲ್ಲಿ ಮುಗಿಯುವ ಫಂಕ್ಷನ್ ಇರುವುದಕ್ಕಿಂತ ದುಬಾರಿಯಾಗಿಯೂ, ಒಂದೇ ಕರೆಯಲ್ಲಿ ದೀರ್ಘಕಾಲ ದುಡಿಯುವ ಫಂಕ್ಷನ್ ಹೋಲಿಕೆಯಲ್ಲಿ ಅಗ್ಗವಾಗಿಯೂ ಕಾಣುತ್ತವೆ. ಕರೆಗಳ ಸಂಖ್ಯೆಯನ್ನು ನಂಬಿ, ಸಮಯವನ್ನು ಸುಳಿವೆಂದಷ್ಟೇ ಪರಿಗಣಿಸಿ. ವರದಿಯ ಅಂಕಣಗಳಲ್ಲಿ ಟಾಟ್‌ಟೈಮ್ (tottime) ಆ ಫಂಕ್ಷನ್‌ನ ಸ್ವಂತ ಸಮಯ, ಕ್ಯುಮ್‌ಟೈಮ್ (cumtime) ಅದು ಕರೆದ ಫಂಕ್ಷನ್‌ಗಳನ್ನೂ ಸೇರಿಸಿದ ಸಮಯ.

ತಾಳೆ ನೋಡಲು ಪೈ-ಸ್ಪೈ (py-spy) ಎಂಬ ಇನ್ನೊಂದು ಪ್ರೊಫೈಲರ್ ಬಳಸಿ. ಅದು ಪ್ರೋಗ್ರಾಂನ ಹೊರಗೆ ನಿಂತು, ಬೇರೆ ಸೂಚನೆ ಕೊಡದಿದ್ದರೆ ಸೆಕೆಂಡಿಗೆ 100 ಬಾರಿ ಕಾಲ್ ಸ್ಟ್ಯಾಕ್, ಅಂದರೆ ಆ ಕ್ಷಣದಲ್ಲಿ ಒಂದನ್ನೊಂದು ಕರೆದು ನಡೆಯುತ್ತಿರುವ ಫಂಕ್ಷನ್‌ಗಳ ಸರಣಿಯನ್ನು ಗಮನಿಸುತ್ತದೆ. ಆದ್ದರಿಂದ ಓಟದ ವೇಗ ಬಹುತೇಕ ಕೆಡುವುದಿಲ್ಲ. ಅದು ಬಿಡಿಸುವ ಫ್ಲೇಮ್ ಗ್ರಾಫ್ ಎಂಬ ಚಿತ್ರದಲ್ಲಿ ಪ್ರತಿ ಫಂಕ್ಷನ್‌ಗೂ ಒಂದು ಪಟ್ಟಿ; ಪಟ್ಟಿಯ ಅಗಲವೇ ಸಮಯದ ಪಾಲು. ಎಡದಿಂದ ಬಲಕ್ಕೆ ಕಾಲಕ್ರಮವೇನೂ ಇಲ್ಲ, ಬಣ್ಣಗಳಿಗೆ ಅರ್ಥ ಹುಡುಕುವ ಶ್ರಮವೂ ಬೇಡ.

ಉತ್ತರ 2:
ಮೆಮೊರಿಯ ಬಗ್ಗೆ ಹೇಳುವುದಾದರೆ, ಟಾಪ್ ತೋರಿಸುವ ಅಂಕಿ ಮಾತ್ರ ನೋಡಿ ಸೋರಿಕೆ ಎನ್ನಲಾಗದು. ಪೈಥಾನ್ ಸಣ್ಣ ಆಬ್ಜೆಕ್ಟ್‌ಗಳಿಗೆ ಅರೀನಾ ಎಂಬ ದೊಡ್ಡ ತುಂಡುಗಳಲ್ಲಿ ಜಾಗ ಪಡೆಯುತ್ತದೆ; 3.10ರಿಂದ 64-ಬಿಟ್ ವ್ಯವಸ್ಥೆಗಳಲ್ಲಿ ಒಂದು ಅರೀನಾ 1 ಮೆಗಾಬೈಟ್‌ನದು. ಅದರಲ್ಲಿ ಒಂದೇ ಒಂದು ಆಬ್ಜೆಕ್ಟ್ ಜೀವಂತವಾಗಿದ್ದರೂ ಇಡೀ ಅರೀನಾ ಆಪರೇಟಿಂಗ್ ಸಿಸ್ಟಮ್‌ಗೆ ಮರಳುವುದಿಲ್ಲ. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದಾಗ ಅಂಕಿ ಒಂದು ಮಟ್ಟದಲ್ಲಿ ನಿಂತರೆ ಚಿಂತೆಯಿಲ್ಲ. ಏರುತ್ತಲೇ ಹೋದರೆ, 3.4ರಿಂದ ಪೈಥಾನ್ ಜೊತೆಗೇ ಬರುವ, ಮೆಮೊರಿಯ ಲೆಕ್ಕವಿಡುವ ಟ್ರೇಸ್‌ಮ್ಯಾಲಕ್ (tracemalloc) ಮಾಡ್ಯೂಲ್‌ನಿಂದ ಎರಡು ಸ್ನ್ಯಾಪ್‌ಶಾಟ್ (ಆ ಕ್ಷಣದ ಮೆಮೊರಿಯ ಲೆಕ್ಕ) ತೆಗೆದು ಹೋಲಿಸಿ. ಆದರೆ ಸಿ ಲೈಬ್ರರಿಗಳು ಪೈಥಾನ್‌ಗೆ ತಿಳಿಸದೆ ನೇರವಾಗಿ ಪಡೆಯುವ ಮೆಮೊರಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಟ್ರೇಸ್‌ಮ್ಯಾಲಕ್ ಸಹ ಓಟವನ್ನು ನಿಧಾನಿಸುವುದರಿಂದ, ಸಮಯವನ್ನೂ ಮೆಮೊರಿಯನ್ನೂ ಒಂದೇ ಓಟದಲ್ಲಿ ಅಳೆಯಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪೈ-ಸ್ಪೈ ಪ್ರಕಾರ ಆ ಪುಟ್ಟ ಫಂಕ್ಷನ್‌ನ ಪಾಲು ಅಲ್ಪ. ಹೆಚ್ಚಿನ ಸಮಯ ಹೋಗುತ್ತಿರುವುದು ಸಾಲಿನ ಗುರುತುಸಂಖ್ಯೆ ಈಗಾಗಲೇ ಒಂದು ಲಿಸ್ಟ್‌ನಲ್ಲಿದೆಯೇ ಎಂದು ನೋಡುವ ಜಾಗದಲ್ಲಿ. ಮೆಮೊರಿ ಮಾತ್ರ ಪ್ರತಿ ಸುತ್ತಿಗೂ ಏರುತ್ತಿದೆ, ಮತ್ತು ಟ್ರೇಸ್‌ಮ್ಯಾಲಕ್ ಬೊಟ್ಟುಮಾಡುವುದು ಸಾಲನ್ನು ಬಿಡಿಸುವ ಕೋಡಿನತ್ತ. ಅಲ್ಲಿ ಏನನ್ನೂ ಉಳಿಸಿಕೊಳ್ಳುತ್ತಿಲ್ಲವಲ್ಲ?

ಉತ್ತರ 3:
ಲಿಸ್ಟ್‌ನಲ್ಲಿ ಹುಡುಕುವ ಆ ಪರೀಕ್ಷೆ ಪ್ರತ್ಯೇಕ ಫಂಕ್ಷನ್ ಕರೆಯಲ್ಲದ ಕಾರಣ ಸಿಪ್ರೊಫೈಲ್ ಅದನ್ನು ಬೇರೆಯಾಗಿ ತೋರಿಸದೆ, ಅದನ್ನು ಒಳಗೊಂಡ ಫಂಕ್ಷನ್‌ನ ಟಾಟ್‌ಟೈಮ್‌ಗೆ ಸೇರಿಸುತ್ತದೆ. ಲಿಸ್ಟ್ ಬದಲು ಸೆಟ್ ಬಳಸಿದರೆ, ಸಂಗ್ರಹ ಬೆಳೆದಂತೆ ಹುಡುಕಾಟವೂ ಬೆಳೆಯುವುದು ತಪ್ಪುತ್ತದೆ. ಇನ್ನು ಟ್ರೇಸ್‌ಮ್ಯಾಲಕ್ ಹೇಳುವುದು ಮೆಮೊರಿ ಎಲ್ಲಿ ಹುಟ್ಟಿತು ಎಂಬುದನ್ನೇ ಹೊರತು, ಈಗ ಯಾರ ಹಿಡಿತದಲ್ಲಿದೆ ಎಂಬುದನ್ನಲ್ಲ. ಬಿಡಿಸುವ ಫಂಕ್ಷನ್ ಮೇಲೆ ಹಿಂದಿನ ಫಲಿತಾಂಶಗಳನ್ನು ನೆನಪಿಟ್ಟುಕೊಳ್ಳುವ ಎಲ್‌ಆರ್‌ಯು ಕ್ಯಾಶ್ (lru_cache) ಹಾಕಿದ್ದು, ಅದರ ಮ್ಯಾಕ್ಸ್‌ಸೈಜ್ (maxsize) ಅನ್ನು None ಎಂದು ಕೊಟ್ಟಿದ್ದೀರಾ ಎಂದು ಮೊದಲು ನೋಡಿ. ಹಾಗಿದ್ದರೆ ಕ್ಯಾಶ್‌ಗೆ ಮಿತಿಯೇ ಇರುವುದಿಲ್ಲ. ಅದಿಲ್ಲದಿದ್ದರೆ, ಉಳಿದುಕೊಂಡ ಒಂದು ಆಬ್ಜೆಕ್ಟ್ ಹಿಡಿದು ಪೈಥಾನ್‌ನ ಜಿಸಿ (gc) ಮಾಡ್ಯೂಲಿನ ಗೆಟ್ ರೆಫರರ್ಸ್ (get_referrers) ಫಂಕ್ಷನ್ ಮೂಲಕ ಅದರತ್ತ ಬೊಟ್ಟುಮಾಡುತ್ತಿರುವವರನ್ನು ಹುಡುಕಿ. ಬದಲಾವಣೆಗಳ ನಂತರ ಪ್ರೊಫೈಲರ್ ತೆಗೆದು, ಅದೇ ಫೈಲ್ ಮೇಲೆ ಹಲವು ಬಾರಿ ಓಡಿಸಿದ ಸಮಯಗಳನ್ನೇ ಹಳೆಯವುಗಳೊಡನೆ ಹೋಲಿಸಿ.